ಏಸಾವನ ಅಳು ಬಿಟ್ಟು ಆಶೀರ್ವಾದದ ಬಗ್ಗೆ ಬರೆಯೋಕಾಗಲ್ಲ

ಬ್ರದರ್, ವಂದನೆಗಳು.

ನೀವು ಕಳ್ಸಿದ "ಪಿತೃಗಳ ಆಶೀರ್ವಾದ: ಏಳು ಆತ್ಮಿಕ ಪಾಠಗಳು" ಪೂರ್ತಿ ಓದಿದೆ. ಈಗಿರೋ ಹಾಗೆ ನಮ್ಮ ಪತ್ರಿಕೆಗೆ ತಗೊಳ್ಳೋಕಾಗಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ಒಂದು ಸಾಲು ಬರೆದು ವಾಪಸ್ ಕಳ್ಸೋಕೂ ಮನಸ್ಸು ಒಪ್ಪಲಿಲ್ಲ, ಯಾಕಂದ್ರೆ ನೀವು ಸತ್ಯವೇದ ಓದಿರೋರು ಅನ್ನೋದು ಗೊತ್ತಾಗುತ್ತೆ, ಮತ್ತೆ ಲೇಖನದೊಳಗೆ ಒಂದು ಕಡೆ ನಿಜವಾದ ಬರಹಗಾರ ಕಾಣಿಸ್ತಾನೆ, ಅದರ ವಿಷ್ಯ ಆಮೇಲೆ ಹೇಳ್ತೀನಿ.

ನಿಮ್ಮ ಮೊದಲನೇ ಪಾಠ, "ತಂದೆತಾಯಿಗೆ ವಿಧೇಯರಾದವರಿಗೆ ಆಶೀರ್ವಾದ ಸಿಗುತ್ತದೆ" ಅಂತ. ಉದಾಹರಣೆಗೆ ಯಾಕೋಬನ್ನ ಕೊಟ್ಟಿದೀರಿ. ಬ್ರದರ್, ದಯವಿಟ್ಟು ಆದಿಕಾಂಡ 27 ಇನ್ನೊಂದ್ಸಲ ನಿಧಾನಕ್ಕೆ ಓದಿ. ಕಣ್ಣು ಕಾಣದ ಇಸಾಕ ದೊಡ್ಡ ಮಗ ಏಸಾವನಿಗೆ ಆಶೀರ್ವಾದ ಕೊಡ್ಬೇಕು ಅಂತಿದ್ದ, ಮೈತುಂಬ ಕೂದಲಿದ್ದ ಏಸಾವ ಬೇಟೆಗೆ ಹೋದಾಗ ಚಿಕ್ಕವನು ಯಾಕೋಬ ಅಣ್ಣನ ವೇಷದಲ್ಲಿ ಬಂದು ಅದನ್ನ ತಗೊಂಡ. ಅಲ್ಲಿ ಯಾಕೋಬ ವಿಧೇಯನಾಗಿದ್ದು ತಾಯಿಗೆ, ಮೋಸ ಮಾಡಿದ್ದು ತಂದೆಗೆ, ಎರಡೂ ಒಂದೇ ಕೆಲಸದಲ್ಲಿ. ತಾಯಿ ರೆಬೆಕ್ಕ "ನನ್ನ ಮಾತು ಕೇಳು" ಅಂತ ಹೇಳ್ತಾಳೆ, ಅವನು ಕೇಳ್ತಾನೆ, ಎರಡು ಮೇಕೆಮರಿ ತಂದುಕೊಡ್ತಾನೆ, ಅವಳು ಅಡುಗೆ ಮಾಡಿ ಮರಿಗಳ ಚರ್ಮನ ಅವನ ಕೈಗೂ ಕುತ್ತಿಗೆಗೂ ಸುತ್ತುತ್ತಾಳೆ. ಅವನಿಗಿದ್ದ ಹೆದರಿಕೆ ಏನು? ಇದು ತಪ್ಪು ಅಂತಲ್ಲ, ಅಪ್ಪ ಮುಟ್ಟಿ ನೋಡಿದ್ರೆ ಸಿಕ್ಕಿಬೀಳ್ತೀನಿ ಅಂತ. ಇಷ್ಟು ಬೇಗ ಬೇಟೆ ಹೇಗೆ ಸಿಕ್ತು ಮಗನೇ ಅಂತ ಇಸಾಕ ಕೇಳಿದ್ರೆ, ನಿನ್ನ ದೇವರೇ ಸಿಗೋ ಹಾಗೆ ಮಾಡಿದ ಅಂತಾನೆ. ಕಣ್ಣು ಕಾಣದ ಅಪ್ಪನ ಮುಂದೆ ನಿಂತು ದೇವರ ಹೆಸರು ಹಿಡಿದು ಸುಳ್ಳು ಹೇಳಿದವನನ್ನ ನೀವು ವಿಧೇಯತೆಯ ಮಾದರಿ ಅಂತ ಬರೆದ್ರೆ, ಸಂಡೇ ಸ್ಕೂಲಿನ ಹತ್ತು ವರ್ಷದ ಮಗು ಕೂಡ ಕೈ ಎತ್ತಿ ಪ್ರಶ್ನೆ ಕೇಳುತ್ತೆ, ಕೇಳಲೇಬೇಕು.

ಇದು ಬರೀ ಒಂದು ಪಾಯಿಂಟಿನ ತಪ್ಪಲ್ಲ. ಪಾಠ ಏನು ಅಂತ ಮೊದ್ಲೇ ನಿರ್ಧಾರ ಮಾಡ್ಕೊಂಡು ಆಮೇಲೆ ಅದಕ್ಕೆ ಹೊಂದೋ ವಚನ ಹುಡುಕಿದೀರಿ, ಅದಕ್ಕೇ ಹೊಂದದೆ ಇರೋದೆಲ್ಲ ಲೇಖನದಿಂದ ಹೊರಗೆ ಉಳಿದುಹೋಗಿದೆ. ಏಳು ಪಾಠದಲ್ಲಿ ಏಸಾವನ ಅಳು ಎಲ್ಲೂ ಇಲ್ಲ. ಬೇಟೆ ಮುಗಿಸಿ ಅಡುಗೆ ಮಾಡ್ಕೊಂಡು ಒಳಗೆ ಬಂದ ದೊಡ್ಡ ಮಗ, ಯಾರೋ ಮುಂಚೆನೇ ಬಂದು ಹೋಗಿದಾರೆ ಅಂತ ಗೊತ್ತಾಗಿ ಗಡಗಡ ನಡುಗ್ತಾ ಇರೋ ಮುದುಕ ಅಪ್ಪ, "ಅಪ್ಪಾ, ನಿನ್ನ ಹತ್ರ ಇರೋದು ಒಂದೇ ಆಶೀರ್ವಾದನಾ, ನನಗೂ ಕೊಡಪ್ಪಾ" ಅಂತ ಜೋರಾಗಿ ಅಳೋದು. ನನ್ನ ಮಟ್ಟಿಗೆ ಇಡೀ ಆದಿಕಾಂಡದಲ್ಲಿ ಇದಕ್ಕಿಂತ ನೋವಿನ ಮಾತು ಕಡಿಮೆ. ಅದನ್ನ ದಾಟಿಕೊಂಡು "ದೇವರ ಆಯ್ಕೆ ಯಾವಾಗಲೂ ಶ್ರೇಷ್ಠ" ಅಂತ ಹೋಗ್ಬಿಟ್ರೆ ಓದೋರಿಗೆ ದೇವರ ಆಯ್ಕೆನೂ ಅರ್ಥ ಆಗಲ್ಲ, ಅದರಿಂದ ಯಾರಿಗೆ ಏನು ನೋವಾಯ್ತು ಅನ್ನೋದೂ ಗೊತ್ತಾಗಲ್ಲ.

ಇನ್ನೊಂದು, ಇಸಾಕನ "ಮರಣಶಯ್ಯೆ" ಅಂತ ಮೂರ್ನಾಲ್ಕು ಕಡೆ ಬರೆದಿದೀರಿ, ಅದನ್ನ ತೆಗೀರಿ. ಸಾವು ಹತ್ರ ಬಂತು ಅಂತ ಅವನು ಅಂದ್ಕೊಂಡಿದ್ದ ಅಷ್ಟೇ. ಯಾಕೋಬ ಏಸಾವನ ಕೋಪಕ್ಕೆ ಹೆದರಿ ಓಡಿಹೋಗಿ, ಸೋದರಮಾವ ಲಾಬಾನನ ಮನೇಲಿ 20 ವರ್ಷ ದುಡಿದು ವಾಪಸ್ ಬಂದಾಗಲೂ ಅಪ್ಪ ಬದುಕೇ ಇದ್ದ. ಆ ಇಪ್ಪತ್ತು ವರ್ಷದಲ್ಲಿ ಬರೆಯೋಕೆ ಎಷ್ಟಿದೆ ನೋಡಿ, ನೀವು ಅಲ್ಲಿಗೆ ಕಾಲೇ ಇಟ್ಟಿಲ್ಲ. ಕಾಣದ ಕಣ್ಣಿಗೆ ಮೋಸ ಮಾಡಿದವನಿಗೆ ಮದುವೆ ರಾತ್ರಿ ಲಾಬಾನನ ಚಿಕ್ಕ ಮಗಳು ರಾಹೇಲಳ ಬದಲು ದೊಡ್ಡವಳು ಲೇಯ ಸಿಗ್ತಾಳೆ, ಕೇಳಿದ್ರೆ ಮಾವ, ದೊಡ್ಡವಳಿಗಿಂತ ಮುಂಚೆ ಚಿಕ್ಕವಳನ್ನ ಕೊಡೋ ಪದ್ಧತಿ ನಮ್ಮೂರಲ್ಲಿಲ್ಲ ಅಂತಾನೆ, ಆ ಮಾತು ಯಾಕೋಬನಿಗೆ ಎಲ್ಲಿ ತಾಕಿರ್ಬೇಕು ಯೋಚನೆ ಮಾಡಿ. ಮುಂದೆ ಅವನ ಮಕ್ಕಳೇ ತಮ್ಮ ಯೋಸೇಫನ ಅಂಗಿನ ಆಡಿನ ರಕ್ತದಲ್ಲಿ ಅದ್ದಿ ತಂದು ಅವನ ಮುಂದೆ ಇಡ್ತಾರೆ. ರೆಬೆಕ್ಕ "ಸ್ವಲ್ಪ ದಿವಸ ಅಲ್ಲಿರು" ಅಂತ ಮಗನ್ನ ಕಳ್ಸಿದಳು, ಆಮೇಲೆ ತಾಯಿಮಗ ಒಬ್ಬರನ್ನೊಬ್ಬರು ನೋಡಿದ್ರು ಅಂತ ಎಲ್ಲೂ ಬರೆದಿಲ್ಲ.

ಮತ್ತೆ 28ನೇ ಅಧ್ಯಾಯದ ಶುರು, ಅದೇ ನಿಮ್ಮ ಲೇಖನದ ನಡುಭಾಗ ಆಗ್ಬೇಕಿತ್ತು ಅಂತ ನನಗನ್ಸುತ್ತೆ. ಮೋಸದಲ್ಲಿ ಸಿಕ್ಕಿದ್ದು ಏನು, ಆಕಾಶದ ಮಂಜು, ಧಾನ್ಯ, ದ್ರಾಕ್ಷಾರಸ, ಅಣ್ಣತಮ್ಮಂದಿರ ಮೇಲೆ ಅಧಿಕಾರ. ಅಬ್ರಹಾಮನ ಆಶೀರ್ವಾದ, ಅಂದ್ರೆ ಆ ಸಂತತಿ ಮತ್ತೆ ದೇಶದ ಮಾತು, ಅದನ್ನ ಇಸಾಕ ಕೊಟ್ಟಿದ್ದು ಆಮೇಲೆ, ಯಾಕೋಬನ್ನ ಹೆಸರಿಡಿದು ಕರೆಸಿ, ಎದುರಿಗಿರೋದು ಯಾರು ಅಂತ ಚೆನ್ನಾಗಿ ಗೊತ್ತಿದ್ದು. ಚರ್ಮ ಇಲ್ಲ, ಅಣ್ಣನ ಬಟ್ಟೆ ಇಲ್ಲ. ಮೋಸ ಮಾಡಿದ ಮಗ ಅಂತ ಗೊತ್ತಿದ್ದೂ ಆ ಅಪ್ಪ ಕೊಟ್ಟ. ಇದರ ಜೊತೆಗೆ 33ನೇ ಅಧ್ಯಾಯ ಇಟ್ಟು ಓದಿ, "ನಿನ್ನ ಅಣ್ಣತಮ್ಮಂದಿರು ನಿನಗೆ ಅಡ್ಡಬೀಳಲಿ" ಅಂತ ಹೇಳಿಸ್ಕೊಂಡವನೇ ಅಣ್ಣನ ಮುಂದೆ ಏಳು ಸಲ ನೆಲಕ್ಕೆ ಬಗ್ತಾನೆ, ಐನೂರಕ್ಕೂ ಹೆಚ್ಚು ಆಡು ಕುರಿ ಒಂಟೆ ದನ ಕತ್ತೆ ಕಾಣಿಕೆ ಕಳ್ಸಿರ್ತಾನೆ, ಏಸಾವನೋ ಓಡಿಬಂದು ಅದೇ ಕುತ್ತಿಗೆ ತಬ್ಕೊಂಡು ಅಳ್ತಾನೆ, ನನ್ನ ಹತ್ರ ಬೇಕಾದಷ್ಟಿದೆ ತಮ್ಮಾ ಅಂತಾನೆ. ಆಶೀರ್ವಾದ ಕಳ್ಕೊಂಡವನ ಬಾಯಲ್ಲಿ ಈ ಮಾತು. ಇದಕ್ಕೆ ನೀವು ಏನೂ ಸೇರಿಸೋದು ಬೇಡ, ನಡೆದಿದ್ದು ನಡೆದ ಹಾಗೆ ಹೇಳಿದ್ರೆ ಸಾಕು.

ಯಾಕೋಬ ಸಾಯೋ ಮುಂಚೆ ಮಕ್ಕಳಿಗೆ ಹೇಳಿದ 49ನೇ ಅಧ್ಯಾಯದ ಪ್ಯಾರಾ ಪರವಾಗಿಲ್ಲ, ಆದ್ರೆ ಹನ್ನೆರಡು ಮಕ್ಕಳಿಗೂ ಒಳ್ಳೇ ಮಾತು ಸಿಕ್ತು ಅನ್ನೋ ಹಾಗಿದೆ. ರೂಬೇನನಿಗೆ ನೀರಿನ ಹಾಗೆ ನಿಲ್ಲದವನು ಅಂತ ಬೈಗುಳ, ಸಿಮೆಯೋನ ಲೇವಿಯರ ಕೋಪಕ್ಕೆ ಶಾಪ, ನಿಮ್ಮನ್ನ ಚದರಿಸ್ತೀನಿ ಅಂತ. ಹಾಗಿದ್ದೂ ಲೇವಿಯ ವಂಶದಲ್ಲೇ ಮಹಾಯಾಜಕ ಆರೋನ ಹುಟ್ತಾನೆ, ಅರಣ್ಯಕಾಂಡ 6ರಲ್ಲಿ "ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ" ಅಂತ ಜನರಿಗೆಲ್ಲ ಹೇಳೋ ಕೆಲಸ ಅವನ ಮಕ್ಕಳಿಗೇ ಬರುತ್ತೆ. 1979ರಲ್ಲಿ ಯೆರೂಸಲೇಮಿನ ಹಳೇ ಸಮಾಧಿಯೊಂದರಲ್ಲಿ ಸಿಕ್ಕಿದ ಎರಡು ಪುಟ್ಟ ಬೆಳ್ಳಿ ಸುರುಳಿ ಮೇಲೂ ಇದೇ ಆಶೀರ್ವಾದದ ಸಾಲುಗಳಿವೆ, ಎರಡೂವರೆ ಸಾವಿರ ವರ್ಷಕ್ಕಿಂತ ಹಳೇದು. ಅಪ್ಪನ ಬಾಯಿಂದ ಶಾಪ ಕೇಳಿದ ಮಗನ ಮನೆತನ ಊರಿಗೆಲ್ಲ ಆಶೀರ್ವಾದ ಹೇಳೋ ಮನೆತನ ಆಯ್ತು, ಇದು ನಿಮ್ಮ ಏಳೂ ಪಾಠಕ್ಕಿಂತ ದೊಡ್ಡದು ಅಂತ ನನ್ನ ನಂಬಿಕೆ.

"ಇಂಥ ಸಂಪ್ರದಾಯ ಈಗ ಅಳಿದುಹೋಗಿದೆ" ಅಂತ ಬರೆದಿದೀರಲ್ಲ, ಅದು ಸರಿಯಿಲ್ಲ. ಯೆಹೂದ್ಯರ ಎಷ್ಟೋ ಮನೆಗಳಲ್ಲಿ ಶುಕ್ರವಾರ ಸಂಜೆ ಸಬ್ಬತ್ ಶುರುವಾದಾಗ ಅಪ್ಪ ಅಮ್ಮ ಮಕ್ಕಳ ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡೋದು ಇವತ್ತಿಗೂ ಇದೆ, ಗಂಡುಮಕ್ಕಳಿಗೆ ದೇವರು ನಿನ್ನನ್ನ ಎಫ್ರಾಯೀಮನ ಹಾಗೆ, ಮನಸ್ಸೆಯ ಹಾಗೆ ಮಾಡಲಿ ಅಂತ, ಹೆಣ್ಣುಮಕ್ಕಳಿಗೆ ಸಾರಳು, ರೆಬೆಕ್ಕಳು, ರಾಹೇಲಳು, ಲೇಯಳ ಹಾಗೆ ಅಂತ. ಎಫ್ರಾಯೀಮ, ಮನಸ್ಸೆ ಯೋಸೇಫನ ಮಕ್ಕಳು, ಅಲ್ಲೂ ಚಿಕ್ಕವನಾದ ಎಫ್ರಾಯೀಮನನ್ನೇ ಮುಂದೆ ಮಾಡಿದ್ದು, ಅಜ್ಜ ಯಾಕೋಬ ಕೈ ಅಡ್ಡಡ್ಡ ಇಟ್ಟು ಬಲಗೈ ಅವನ ತಲೆ ಮೇಲಿಟ್ಟ, ಯೋಸೇಫ ತಡೆದ್ರೆ ಗೊತ್ತು ಮಗನೇ ಗೊತ್ತು ಅಂದ. ಆದ್ರೆ ಅದು ಇಬ್ಬರೂ ಮುಂದೆ ಇದ್ದಾಗ ನಡೆದಿದ್ದು, ಮತ್ತೆ ಆ ಇಬ್ಬರ ನಡುವೆ ಜಗಳ ಆಯ್ತು ಅಂತ ಆದಿಕಾಂಡ ಹೇಳಲ್ಲ.

ಈಗ ನಾನು ಹೇಳ್ಬೇಕು ಅಂದ್ಕೊಂಡಿದ್ದಕ್ಕೆ ಬರ್ತೀನಿ. ನಾಲ್ಕನೇ ಪುಟದ ಕೊನೇಲಿ ಹೀಗೆ ಬರೆದಿದೀರಿ: "ನಮ್ಮ ತಂದೆ ತೀರಿಕೊಳ್ಳುವ ರಾತ್ರಿ ಅಣ್ಣನನ್ನು ಕರೆದು ತಲೆಯ ಮೇಲೆ ಕೈ ಇಟ್ಟರು, ನಾನು ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟಿನಲ್ಲಿದ್ದೆ." ಮುಂದಿನ ಸಾಲೇ "ಆದರೆ ದೇವರ ಯೋಜನೆ ಉನ್ನತವಾದದ್ದು". ಯಾಕಷ್ಟು ಅವಸರ ಬ್ರದರ್? ನೀವು ಈ ಲೇಖನ ಬರೆಯೋಕೆ ಕೂತಿದ್ದೇ ಆ ರಾತ್ರಿಗೋಸ್ಕರ ಅಂತ ನನಗನ್ನಿಸ್ತು, ನಾನು ತಪ್ಪು ತಿಳ್ಕೊಂಡಿದ್ರೆ ಹೇಳಿ. ಏಸಾವ ಕೇಳಿದ ಪ್ರಶ್ನೆನ ಸ್ವಂತ ಮನೇಲಿ ಕೇಳಿರೋರು ನೀವು, ಅದನ್ನ ಬರೆಯೋ ಹಕ್ಕೂ ನಿಮಗಿದೆ, ಅಂಥ ಲೇಖನ ಓದಿ ಸಮಾಧಾನ ಪಡೋ ಜನ ನಮ್ಮ ಓದುಗರಲ್ಲಿ ತುಂಬಾ ಇದಾರೆ. ಅಣ್ಣನಿಗೆ ಮಾತ್ರ ಮೊದ್ಲು ಓದಿ ತೋರಿಸಿ, ಅವರು ಬೇಡ ಅಂದ್ರೆ ಆ ಭಾಗ ಬಿಟ್ಟು ಬರೀರಿ, ಪತ್ರಿಕೇಲಿ ಬಂದಮೇಲೆ ಅವರಿಗೆ ಗೊತ್ತಾಗೋದು ಬೇಡ.

ಏಳು ಪಾಠದ ನಂಬರ್ ಪೂರ್ತಿ ತೆಗೆದುಬಿಡಿ, "ಪ್ರಿಯ ಓದುಗರೇ" ಮತ್ತೆ "ನಾವು ಕಲಿಯಬೇಕಾದುದೇನೆಂದರೆ" ಎಲ್ಲೂ ಬೇಡ. ನೋಹ, ಮೋಶೆ ಇಬ್ಬರನ್ನೂ ಈ ಸಲ ಬಿಡಿ, ಇಸಾಕನ ಮನೆ ಒಂದೇ ಸಾಕು, ಬೇಕಿದ್ರೆ ಲೇವಿಯ ವಿಷ್ಯ ಸೇರಿಸ್ಕೊಳ್ಳಿ. 35ನೇ ಅಧ್ಯಾಯದ ಕೊನೇ ವಚನ, ಏಸಾವ ಯಾಕೋಬ ಇಬ್ಬರೂ ಸೇರಿ ಅಪ್ಪನ್ನ ಮಣ್ಣು ಮಾಡಿದ್ದು, ಅದು ಖಂಡಿತ ಇರಲಿ. ಸಾವಿರದಿಂದ ಸಾವಿರದಿನ್ನೂರು ಪದ ಸಾಕು, ಅರ್ಜೆಂಟ್ ಏನಿಲ್ಲ, ಬರೆದಾದ ಮೇಲೆ ನೇರ ನನಗೇ ಕಳ್ಸಿ, ನಾನೇ ಓದ್ತೀನಿ.