ಆಟಮ್ ಥೀಮಿನ ಶಾರ್ಕುಟರಿ ಬೋರ್ಡ್ ಬೆಂಗಳೂರಿನಲ್ಲಿ ಮಾಡುವುದು ಹೇಗೆ?

ಅಕ್ಟೋಬರ್ ಕೊನೆಯ ಶನಿವಾರ ಹತ್ತು ಜನ ಮನೆಗೆ ಬರುತ್ತಾರೆ, ಅದರಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಫೋಟೋಗಳಲ್ಲಿ ಕಾಣುವ ಮೇಪಲ್ ಎಲೆ, ಕ್ರ್ಯಾನ್‌ಬೆರಿ ಎಲ್ಲ ಇಲ್ಲಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ.

ಶಾರ್ಕುಟರಿ ಬೋರ್ಡ್ ಅಂದರೆ ಚೀಸ್, ಉಪ್ಪು ಹಾಕಿ ಕೂಡಿಟ್ಟ ಮಾಂಸ, ಹಣ್ಣು, ಕುರುಕಲು ಎಲ್ಲವನ್ನೂ ಒಂದು ಹಲಗೆಯ ಮೇಲೆ ಜೋಡಿಸಿಡುವುದು. ಆಟಮ್ ಅಂದರೆ ಅಲ್ಲಿನವರ ಎಲೆ ಉದುರುವ ಕಾಲ. ಮೇಪಲ್ ಎಲೆಯನ್ನು ಮರೆತುಬಿಡಿ. ಮೂರು ವರ್ಷದಿಂದ ದಸರಾ ಗೊಂಬೆಗಳನ್ನು ಪೆಟ್ಟಿಗೆಗೆ ಹಾಕಿದ ಮೇಲೆ ನಾನು ಒಂದು ಸಲ ಈ ಬೋರ್ಡ್ ಮಾಡುತ್ತೇನೆ. ಮೊದಲನೇ ವರ್ಷ ನಾನೂ ಆ ಫೋಟೋಗಳ ಹಿಂದೆ ಬಿದ್ದು ದುಡ್ಡು ಸುರಿದೆ. ಬಂದವರು ಫೋಟೋ ತೆಗೆದುಕೊಂಡರು. ಆಮೇಲೆ ಅಡುಗೆಮನೆಗೆ ಬಂದು ಚಕ್ಕುಲಿ ಡಬ್ಬ ಎಲ್ಲಿ ಅಂತ ಹುಡುಕಿದರು.

ಶಾರ್ಕುಟರಿ ಅನ್ನುವುದು ಫ್ರೆಂಚ್ ಮಾತು. ಮಾಂಸ, ಬೇಯಿಸಿದ್ದು ಎಂಬ ಎರಡು ಪದ ಸೇರಿ ಆಗಿದ್ದು. ಹಂದಿ ಮಾಂಸಕ್ಕೆ ಉಪ್ಪು ಹಾಕಿ, ಒಣಗಿಸಿ, ಹೊಗೆ ಕೊಟ್ಟು ಚಳಿಗಾಲಕ್ಕೆ ಕೂಡಿಡುವ ಕಸುಬು ಅದು. ಯುರೋಪಿನ ಹಳ್ಳಿಗಳಲ್ಲಿ ಎಲೆ ಉದುರುವ ಹೊತ್ತಿಗೆ ಹಂದಿ ಕಡಿದು ಈ ಕೆಲಸ ಶುರು ಮಾಡುತ್ತಿದ್ದರು. ಅಂದರೆ ಅದು ಉಗ್ರಾಣದಿಂದ ತೆಗೆದ ತಿನಿಸು. ನಾವು ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಮಾಡಿಟ್ಟು ಮಳೆಗಾಲದಲ್ಲಿ ತಿನ್ನುತ್ತೇವಲ್ಲ, ಅದರ ಅಣ್ಣನೋ ತಮ್ಮನೋ ಇದು. ಇದು ತಲೆಗೆ ಹೋದ ಮೇಲೆ ನನಗೆ ಕೆಲಸ ಸುಲಭವಾಯಿತು. ಕೂಡಿಟ್ಟ ಉಪ್ಪು-ಹುಳಿ ಒಂದು ಕಡೆ, ಆ ತಿಂಗಳ ಹಣ್ಣು ಇನ್ನೊಂದು ಕಡೆ, ನಡುವೆ ಕುರುಕಲು. ಅಷ್ಟೇ.

ಇನ್ನು ಆಟಮ್. ಪಂಚಾಂಗದ ಪ್ರಕಾರ ಆಶ್ವಯುಜ, ಕಾರ್ತಿಕ ನಮಗೆ ಶರದೃತು. ಆದರೆ ನಮ್ಮ ಮರಗಳು ಎಲೆ ಉದುರಿಸುವುದು ಶಿಶಿರದಲ್ಲಿ. ಬೆಂಗಳೂರಿನ ಅಕ್ಟೋಬರ್‌ನಲ್ಲಿ ಉದುರುವುದು ಮಳೆ! ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಇಲ್ಲಿ ಜಾಸ್ತಿ ಮಳೆ ಬೀಳುವುದು. ಆದ್ದರಿಂದ ಥೀಮನ್ನು ಎಲೆಯಲ್ಲಿ ಹುಡುಕಬೇಡಿ, ಬಣ್ಣದಲ್ಲಿ ಹಿಡಿಯಿರಿ. ಸೀಕುಂಬಳದ ಕೇಸರಿ, ದಾಳಿಂಬೆಯ ಕೆಂಪು, ಒಣ ಅಂಜೂರದ ಕಂದು, ಬೆಂಗಳೂರು ನೀಲಿ ದ್ರಾಕ್ಷಿಯ ನೇರಳೆ.

ಮೊದಲು ಹಲಗೆ. ನಾನು ಮೊದಲ ಸಲ ಅಟ್ಟದಿಂದ ಹಳೇ ಊಟದ ಮಣೆ ಇಳಿಸಿ, ಉಜ್ಜಿ ತೊಳೆದು, ಇದರ ಮೇಲೆ ಎಷ್ಟು ಚೆನ್ನಾಗಿರುತ್ತೆ ಅಂದುಕೊಂಡಿದ್ದೆ. ನಮ್ಮತ್ತೆ ನೋಡಿದರು. "ಕೂರೋ ಮಣೆ ಮೇಲೆ ತಿಂಡಿ ಇಡ್ತೀಯೇನೇ?" ಮಣೆ ವಾಪಸ್ ಅಟ್ಟಕ್ಕೆ ಹೋಯಿತು. ಚಪಾತಿ ಮಣೆ ದೊಡ್ಡದಿದ್ದರೆ ಅದೇ ಸಾಕು. ಇಲ್ಲದಿದ್ದರೆ ಸ್ಟೀಲ್ ತಟ್ಟೆಗೆ ಬಾಳೆ ಎಲೆ ಹಾಸಿ. ಅದಕ್ಕಿಂತ ಚೆಂದ ಯಾವ ಹಲಗೆಗೂ ಬರುವುದಿಲ್ಲ ಅಂತ ನನಗನಿಸುತ್ತದೆ.

ಆದರೆ ಹಲಗೆ ಒಂದಲ್ಲ, ಎರಡು ಇರಲಿ: ಸಸ್ಯಾಹಾರಕ್ಕೆ ಒಂದು, ಮಾಂಸಕ್ಕೆ ಒಂದು. ಇದರಲ್ಲಿ ರಾಜಿ ಬೇಡ. ಮೊದಲ ವರ್ಷ ಒಂದೇ ಬೋರ್ಡಿನ ನಡುವೆ ಸಲಾಮಿ ಎಂಬ ಮಾಂಸದ ಬಿಲ್ಲೆಗಳನ್ನು ಹೂವಿನ ಹಾಗೆ ಮಡಚಿಟ್ಟು, ಸುತ್ತ ಹಣ್ಣು ಜೋಡಿಸಿದ್ದೆ. ನನ್ನ ಗೆಳತಿಯ ತಾಯಿ ಅದನ್ನು ನೋಡಿ ನಕ್ಕರು, ಹೊಗಳಿದರು, ಒಂದು ದ್ರಾಕ್ಷಿಯನ್ನೂ ಮುಟ್ಟಲಿಲ್ಲ. ಅವರ ತಪ್ಪೇನೂ ಇಲ್ಲ. ಈಗ ಎರಡನ್ನೂ ಬೇರೆ ಬೇರೆ ಮೇಜಿನ ಮೇಲೆ ಇಡುತ್ತೇನೆ, ಚಾಕು-ಚಮಚ ಕೂಡ ಬೇರೆ.

ಸಸ್ಯಾಹಾರಿಗಳ ವಿಷಯದಲ್ಲಿ ಚೀಸ್ ಬಗ್ಗೆಯೂ ಒಂದು ಮಾತು. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಹಳೇ ಪದ್ಧತಿಯಲ್ಲಿ ಕರುವಿನ ಹೊಟ್ಟೆಯಿಂದ ಬರುತ್ತದೆ. ಇಟಲಿಯ ಪಾರ್ಮಿಜಾನೋ ರೆಜಾನೋ ಇವತ್ತಿಗೂ ಹಾಗೇ ಆಗುವುದು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ ತನ್ನಿ. ಬೆಂಗಳೂರಿನಲ್ಲೇ ವಲ್ಲೊಂಬ್ರೋಸಾ ಪಂಥದ ಕ್ರೈಸ್ತ ಸನ್ಯಾಸಿಗಳು ಇಟಲಿಯ ಶೈಲಿಯಲ್ಲಿ ತಾಜಾ ಮೊಝರೆಲ್ಲಾ ಮಾಡುತ್ತಾರೆ. ಸಿಕ್ಕರೆ ಬಿಡಬೇಡಿ.

ಎಷ್ಟು ಬೇಕು? ಊಟಕ್ಕೆ ಮುಂಚೆ ತಿನ್ನುವುದಾದರೆ ತಲೆಗೆ ಸುಮಾರು 50 ಗ್ರಾಂ ಚೀಸ್, ಮಾಂಸ ತಿನ್ನುವವರಿಗೆ ಇನ್ನೊಂದು 50 ಗ್ರಾಂ ಮಾಂಸ. ಹತ್ತು ಜನಕ್ಕೆ ಅರ್ಧ ಕೆಜಿ ಚೀಸ್ ಧಾರಾಳ. ಮೂರು ಬಗೆ ಸಾಕು: ಗಟ್ಟಿ ಚೆಡ್ಡಾರ್ ಅಥವಾ ಗೌಡಾ, ಮೆತ್ತನೆಯ ಬ್ರೀ, ಮತ್ತೆ ತಾಜಾ ಮೊಝರೆಲ್ಲಾ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸ್ಲೈಸ್ ಮಾತ್ರ ಬೇಡ, ಅದು ಸ್ಯಾಂಡ್‌ವಿಚ್‌ಗೇ ಇರಲಿ. ಮೊಝರೆಲ್ಲಾ ಸಿಗದಿದ್ದರೆ ನಾನು ಪನೀರಿಗೆ ಹೊಗೆ ಕೊಡುತ್ತೇನೆ. ಪನೀರ್ ತುಂಡುಗಳ ನಡುವೆ ಬಟ್ಟಲಲ್ಲಿ ಒಂದು ಕೆಂಡ ಇಟ್ಟು, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು, ತಕ್ಷಣ ಮುಚ್ಚಳ ಹಾಕಿ ಐದು ನಿಮಿಷ. ಮೇಲೆ ಕಾಳುಮೆಣಸು. ಕಳೆದ ವರ್ಷ ಮೊದಲು ಖಾಲಿಯಾದದ್ದು ಇದೇ.

ಮಾಂಸದ ಹಲಗೆ ಬಗ್ಗೆ ನನಗೆ ಹೇಳುವುದು ಕಡಿಮೆ. ಚಿಕನ್ ಸಲಾಮಿ ಒಂದು, ಹಂದಿ ತಿನ್ನುವವರಿದ್ದರೆ ಹ್ಯಾಮ್ ಒಂದು. ಬಂದವರಲ್ಲಿ ಗರ್ಭಿಣಿಯರಿದ್ದರೆ ಬ್ರೀಯಂಥ ಮೆತ್ತನೆ ಚೀಸ್, ಬೇಯಿಸದೆ ಹಾಗೇ ತಿನ್ನುವ ಈ ಮಾಂಸ ಎರಡೂ ಅವರಿಗೆ ಬೇಡ. ಲಿಸ್ಟೀರಿಯಾ ಸೋಂಕಿನ ಭಯ ಇರುತ್ತದೆ. ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಹಣ್ಣಿಗೆ ಅಕ್ಟೋಬರ್ ಒಳ್ಳೆಯ ತಿಂಗಳು. ಸೇಬು ಉತ್ತರದಿಂದ ಬಂದು ಗಾಡಿಗಳಲ್ಲಿ ರಾಶಿ ಬಿದ್ದಿರುತ್ತದೆ. ಸೀಬೆ, ದಾಳಿಂಬೆ, ಸೀತಾಫಲ ಎಲ್ಲ ಇರುತ್ತದೆ. ಹಾಪ್‌ಕಾಮ್ಸ್ ಮಳಿಗೆಯಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಒಂದು ಸುತ್ತು ಹೊಡೆದರೆ ಮುಗಿಯಿತು. ಸೀತಾಫಲದ ಮೇಲೆ ಆಸೆಪಡಬೇಡಿ. ನೋಡಲು ಚೆಂದ, ಆದರೆ ನಿಂತು ಮಾತಾಡುತ್ತಾ ತಿನ್ನುವ ಹಣ್ಣಲ್ಲ. ಬೀಜ ಉಗಿಯಲು ಜನ ಮೂಲೆ ಹುಡುಕುತ್ತಾರೆ. ನೀಲಿ ದ್ರಾಕ್ಷಿಗೂ ಅದೇ ತೊಂದರೆ. ಅದಕ್ಕೇ ಅದನ್ನು ಹಾಗೇ ಇಡದೆ ಗೊಜ್ಜು ಮಾಡುತ್ತೇನೆ. ಕಾಲು ಕೆಜಿ ದ್ರಾಕ್ಷಿ ಬೇಯಿಸಿ, ಸೋಸಿ, ಎರಡು ಚಮಚ ಬೆಲ್ಲ, ಚಿಟಿಕೆ ಉಪ್ಪು, ಸ್ವಲ್ಪ ಶುಂಠಿ ಹಾಕಿ ಚಮಚಕ್ಕೆ ಅಂಟುವ ತನಕ ಕುದಿಸುವುದು. ಉಪ್ಪುಪ್ಪಾದ ಚೆಡ್ಡಾರ್ ಜೊತೆ ಇದನ್ನು ತಿಂದು ನೋಡಿ. ಕ್ರ್ಯಾನ್‌ಬೆರಿ ನೆನಪಿಗೇ ಬರುವುದಿಲ್ಲ.

ಸೀಕುಂಬಳವನ್ನು ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚಿ, ಎಣ್ಣೆ, ಉಪ್ಪು, ಮೆಣಸಿನಪುಡಿ ಸವರಿ ಕಾವಲಿಯಲ್ಲಿ ಎರಡೂ ಕಡೆ ಸುಡಿ. ಬೀಜ ಬಿಸಾಕಬೇಡಿ, ತೊಳೆದು ಹುರಿದರೆ ಅದೇ ಒಂದು ಕುರುಕಲು. ಆಯುಧಪೂಜೆಗೆ ರಸ್ತೆಯಲ್ಲಿ ಒಡೆಯುವುದು ಬೂದುಗುಂಬಳ, ಅದನ್ನು ತಂದುಬಿಟ್ಟೀರಿ ಮತ್ತೆ! ನನ್ನ ಗಂಡ ಒಂದು ಸಲ ತಂದಿದ್ದರು.

ಕ್ರ್ಯಾಕರ್ ಬದಲು ಅಯ್ಯಂಗಾರ್ ಬೇಕರಿಯ ಖಾರ ಬಿಸ್ಕತ್ತು. ಹಸಿಮೆಣಸಿನಕಾಯಿ, ಕರಿಬೇವಿನ ಆ ಬಿಸ್ಕತ್ತಿನ ಮೇಲೆ ಬ್ರೀ ಸವರಿ ಒಂದು ಹನಿ ಕೊಡಗಿನ ಜೇನು ಬಿಟ್ಟರೆ ಆಯಿತು. ಸಣ್ಣ ನಿಪ್ಪಟ್ಟೂ ನಡೆಯುತ್ತದೆ. ಪೆಕನ್ ಬೀಜಕ್ಕೆ ಅಲೆಯುವ ಬದಲು ಕಾಂಗ್ರೆಸ್ ಕಡಲೆಬೀಜ ತನ್ನಿ, ಜೊತೆಗೆ ಒಂದು ಹಿಡಿ ಅಕ್ರೋಟು. ಯುರೋಪಿನವರು ಪುಟ್ಟ ಸೌತೆಕಾಯಿಯ ಉಪ್ಪಿನಕಾಯಿ ಇಡುತ್ತಾರೆ, ನಾವು ಮಿಡಿ ಮಾವಿನಕಾಯಿ ಇಡೋಣ. ಕೊಬ್ಬಿನ ಚೀಸ್ ತಿಂದ ಬಾಯಿಗೆ ಹುಳಿ ಬೇಕೇ ಬೇಕು, ಅಲ್ವಾ? ಮಿಡಿಯನ್ನು ಉದ್ದಕ್ಕೆ ಸೀಳಿ, ರಸ ಸೋರಿಸಿ ಇಡಿ. ಇಲ್ಲದಿದ್ದರೆ ಬೋರ್ಡೆಲ್ಲ ಕೆಂಪಾಗುತ್ತದೆ.

ಜೋಡಿಸುವಾಗ ಗೊಜ್ಜು, ಜೇನು, ಉಪ್ಪಿನಕಾಯಿಯ ಬಟ್ಟಲುಗಳನ್ನು ಮೊದಲು ಇಡಿ. ಆಮೇಲೆ ಚೀಸ್, ಆಮೇಲೆ ಹಣ್ಣು, ಸಂದುಗಳಿಗೆ ಬೀಜಗಳು. ಬಿಸ್ಕತ್ತು ಎಲ್ಲಕ್ಕಿಂತ ಕೊನೆಗೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಐದು ಗಂಟೆಗೆ ಬರುತ್ತೇವೆ ಅಂದವರಿಗಾಗಿ ನಾಲ್ಕಕ್ಕೇ ಎಲ್ಲ ಜೋಡಿಸಿ ಕೂತಿದ್ದೆ. ಮಳೆ ಹಿಡಿಯಿತು. ಅರ್ಧ ಜನ ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡರು, ಬಂದದ್ದು ಏಳೂವರೆಗೆ. ಅಷ್ಟರಲ್ಲಿ ಕ್ರ್ಯಾಕರ್ ಮೆತ್ತಗಾಗಿ, ಸೇಬು ಕಪ್ಪಾಗಿ, ಬ್ರೀ ಹರಿದು ಅಂಜೂರದ ಕೆಳಗೆ ಸೇರಿತ್ತು. ಹೊತ್ತು ಮೀರಿದ ಸಲಾಮಿಯನ್ನು ಪೂರ್ತಿ ಎಸೆದೆ.

ಈಗ "ಮನೆ ಬಿಟ್ವಿ" ಎಂಬ ಮಾತನ್ನು ನಂಬುವುದಿಲ್ಲ. ಲೊಕೇಶನ್ ಕಳಿಸಿ ಅನ್ನುತ್ತೇನೆ. ಮೂರು ಕಿಲೋಮೀಟರ್ ದೂರದಲ್ಲಿದ್ದಾರೆ ಅಂದಾಗ ಚೀಸ್ ಫ್ರಿಜ್‌ನಿಂದ ಹೊರಗೆ. ಅದಕ್ಕೆ ಅರ್ಧ ಗಂಟೆ ಹೊರಗಿದ್ದರೇ ರುಚಿ ಬರುವುದು, ಮೂರು ಕಿಲೋಮೀಟರಿಗೆ ಅಷ್ಟು ಹೊತ್ತು ಹಿಡಿದೇ ಹಿಡಿಯುತ್ತದೆ. ಸೇಬು ಹೆಚ್ಚಿ ನಿಂಬೆರಸ ಹಿಂಡಿದ ನೀರಿನಲ್ಲಿ ಅದ್ದಿ ತೆಗೆಯಿರಿ, ಬೇಗ ಕಪ್ಪಾಗುವುದಿಲ್ಲ. ಬೋರ್ಡ್ ಎರಡು ಗಂಟೆಗಿಂತ ಹೆಚ್ಚು ಹೊರಗಿರುವುದು ಬೇಡ.

ಅಲಂಕಾರಕ್ಕೆ ಕುಂಡದ ಕ್ರೋಟನ್ ಎಲೆ ಕಿತ್ತು ಇಡುವ ಆಸೆ ಬರಬಹುದು. ಕೆಂಪು, ಹಳದಿ, ಥೇಟ್ ಆಟಮ್. ಬೇಡ, ಅದರ ಹಾಲು ಚರ್ಮಕ್ಕೆ, ಬಾಯಿಗೆ ಉರಿ ತರುತ್ತದೆ. ಚೆಂಡುಹೂವೂ ಬೋರ್ಡಿನ ಮೇಲೆ ಬೇಡ, ಮಾರ್ಕೆಟ್ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಹಲಗೆಯ ಸುತ್ತ, ಮೇಜಿನ ಮೇಲೆ ಸುಮ್ನೆ ಚೆಲ್ಲಿ. ದೀಪಾವಳಿಗೆ ತಂದಿಟ್ಟ ನಾಲ್ಕು ಮಣ್ಣಿನ ಹಣತೆ ಹಚ್ಚಿದರೆ ಬೆಳಕೂ ಅದೇ ಬಣ್ಣದ್ದು.

ಉಳಿದ ಗಟ್ಟಿ ಚೀಸನ್ನೆಲ್ಲ ತುರಿದಿಡಿ, ಬೆಳಿಗ್ಗೆ ದೋಸೆಗೆ ಆಗುತ್ತದೆ. ಹಲಗೆಯನ್ನು ಮಾತ್ರ ರಾತ್ರಿ ಸಿಂಕಿನಲ್ಲಿ ನೆನೆಹಾಕಬೇಡಿ. ತೊಳೆದು, ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ. ನನ್ನ ಮೊದಲ ದುಬಾರಿ ಬೋರ್ಡ್ ಹಾಗೇ ನೆನೆದು ನಡುವೆ ಸೀಳಿತು. ಈಗ ಅದರ ಮೇಲೆ ಬಿಸಿ ಕುಕ್ಕರ್ ಇಳಿಸುತ್ತೇವೆ.