ಓದುಗರ ಪ್ರಶ್ನೆ: ವೆಬ್ ವಿನ್ಯಾಸವನ್ನು ಎಲ್ಲಿಂದ ಕಲಿಯಲಿ?

ಪ್ರಶ್ನೆ: ನಾನು ಬಿ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿ. ಬ್ಯಾಡಗಿಯಲ್ಲಿ ನಮ್ಮ ತಂದೆಯವರದು ಮೆಣಸಿನಕಾಯಿ ವ್ಯಾಪಾರ. ಅಂಗಡಿಗಾಗಿ ನೋಟ್‌ಪ್ಯಾಡ್‌ನಲ್ಲಿ ಒಂದು ವೆಬ್ ಪುಟ ಬರೆದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಇತ್ತು. ಉಚಿತ ಸರ್ವರ್ ಒಂದಕ್ಕೆ ಏರಿಸಿದ ಮೇಲೆ ಕನ್ನಡದ ಜಾಗದಲ್ಲೆಲ್ಲ ವಿಚಿತ್ರ ಗುರುತುಗಳು ಕಾಣಿಸಿದವು. ಕೋರ್ಸಿಗೆ ಸೇರೋಣವೆಂದರೆ 40,000 ರೂಪಾಯಿ ಕೇಳುತ್ತಾರೆ. ಕಂಪ್ಯೂಟರ್ ಸೈನ್ಸ್ ಓದದವರು ಇದನ್ನು ಕಲಿಯಬಹುದೇ?

ಉತ್ತರ: ಖಂಡಿತ ಕಲಿಯಬಹುದು. ಅರ್ಧ ಹೊಸ್ತಿಲನ್ನು ನೀವು ಆಗಲೇ ದಾಟಿದ್ದೀರಿ. ಮೊದಲು ನಿಮ್ಮ ಪುಟಕ್ಕೆ ಏನಾಯಿತೆಂದು ನೋಡೋಣ. ಯುನಿಕೋಡ್ ಎಂದರೆ ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ, ಯುಟಿಎಫ್-8 ಎಂದರೆ ಆ ಸಂಖ್ಯೆಯನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿ. ಕನ್ನಡದ ಪ್ರತಿಯೊಂದು ಯುನಿಕೋಡ್ ಚಿಹ್ನೆಯೂ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್‌ಗಳಾಗಿ ಉಳಿಯುತ್ತದೆ. ಪುಟ ಯಾವ ಪದ್ಧತಿಯಲ್ಲಿದೆ ಎಂದು ಬರೆದವರಾಗಲಿ ಸರ್ವರ್ ಆಗಲಿ ಹೇಳದಿದ್ದಾಗ ಬ್ರೌಸರ್ ಊಹಿಸಬೇಕಾಗುತ್ತದೆ. ಯುರೋಪಿನ ಹಳೆಯ ಪದ್ಧತಿಯೆಂದು ಅದು ತಪ್ಪಾಗಿ ತಿಳಿದರೆ ಆ ಮೂರು ಬೈಟ್‌ಗಳನ್ನು ಮೂರು ಬೇರೆ ಬೇರೆ ಅಕ್ಷರಗಳೆಂದು ಓದಿ, ನೆತ್ತಿಯ ಮೇಲೆ ಗೀರಿರುವ ರೋಮನ್ 'ಎ'ಗಳ ಸಾಲನ್ನೇ ನಿಮ್ಮ ಮುಂದಿಡುತ್ತದೆ. ಪುಟದ 'ಹೆಡ್' ಭಾಗದ ಆರಂಭದಲ್ಲಿಯೇ 'ಮೆಟಾ' ಟ್ಯಾಗ್ (ಪುಟದ ಬಗ್ಗೆ ಬ್ರೌಸರ್‌ಗೆ ತಿಳಿಸುವ ಗುರುತು) ಬಳಸಿ ಕ್ಯಾರ್‌ಸೆಟ್ ಯುಟಿಎಫ್-8 ಎಂದು ಬರೆಯಿರಿ. ಅದು ಫೈಲಿನ ಮೊದಲ 1024 ಬೈಟ್‌ಗಳ ಒಳಗೇ ಬರಬೇಕೆಂಬುದು ನಿಯಮ. ಫೈಲನ್ನು ಉಳಿಸುವಾಗಲೂ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಕಲಿಕೆಯ ಕ್ರಮದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಟದ್ದು: ಮೊದಲ ತಿಂಗಳು ಎಚ್‌ಟಿಎಂಎಲ್ (ಟ್ಯಾಗ್‌ಗಳಿಂದ ಪುಟದ ರಚನೆಯನ್ನು ಬರೆಯುವ ಭಾಷೆ) ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿ, 1991ರಲ್ಲಿ ಹೊರಜಗತ್ತಿಗೆ ತೆರೆದಿಟ್ಟ ಮೊದಲ ವೆಬ್‌ಸೈಟಿನಲ್ಲಿ ಇದ್ದದ್ದು ಪಠ್ಯ ಮತ್ತು ಕೊಂಡಿಗಳಷ್ಟೇ. ಪುಟಕ್ಕೆ ಚಲನೆ ತರುವ ಜಾವಾಸ್ಕ್ರಿಪ್ಟ್ ಬಂದದ್ದು 1995ರಲ್ಲಿ, ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್‌ನ ಮೊದಲ ಮಾನಕ 1996ರಲ್ಲಿ. ಆ ಹಳೆಯ ಪುಟ ಇಂದಿನ ಮೊಬೈಲಿನಲ್ಲೂ ತೆರೆಯುತ್ತದೆ. ವರ್ಷಕ್ಕೊಂದರಂತೆ ಹೆಸರು ಬದಲಿಸುವ ಫ್ರೇಮ್‌ವರ್ಕ್‌ಗಳ (ಸಿದ್ಧ ಕೋಡ್‌ನ ಚೌಕಟ್ಟುಗಳ) ಬಗ್ಗೆ ಈ ಮಾತು ಹೇಳಲಾಗದು.

ಅಭ್ಯಾಸಕ್ಕೆ ನಿಮ್ಮ ಅಂಗಡಿಯೇ ಸಾಕು. ಅಂಗಡಿಯ ಹೆಸರು ಮುಖ್ಯ ಶೀರ್ಷಿಕೆಯಾಗಲಿ. ಮೆಣಸಿನಕಾಯಿಯ ಬಗೆಗಳಾದ ಡಬ್ಬಿ ಮತ್ತು ಕಡ್ಡಿ ಎರಡು ಉಪಶೀರ್ಷಿಕೆಗಳಾಗಲಿ. ದಿನದ ದರಕ್ಕೆ ಒಂದು ಕೋಷ್ಟಕ ಬರಲಿ. ಫೋನ್ ನಂಬರನ್ನು ಬರಿಯ ಅಂಕಿಯಾಗಿ ಬಿಡದೆ, ಮುಟ್ಟಿದೊಡನೆ ಕರೆ ಹೋಗುವಂತೆ 'ಟೆಲ್' ಕೊಂಡಿಯಾಗಿಸಿ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಹಾಗೆಯೇ ಹಾಕಿದರೆ ಅದೊಂದೇ ಹಲವು ಎಂಬಿ ತೂಗಿ, ನೆಟ್‌ವರ್ಕ್ ಸರಿಯಿಲ್ಲದ ಊರಿನ ಗಿರಾಕಿ ಕಾದು ಕಾದು ಪುಟವನ್ನು ಮುಚ್ಚಿಬಿಡುತ್ತಾರೆ. 200 ಕೆಬಿ ಒಳಗೆ ಇಳಿಸಿ ಹಾಕಿ.

ಸಿಎಸ್‌ಎಸ್‌ಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ. ಕಲಿಸುವವರೆಲ್ಲ ಇಂಗ್ಲಿಷ್ ಅಕ್ಷರಗಳನ್ನೇ ಮುಂದಿಟ್ಟುಕೊಂಡು ಕಲಿಸುವುದರಿಂದ ಸಾಲುಗಳ ಎತ್ತರವನ್ನು ಬಿಗಿಯಾಗಿ ಇಡುತ್ತಾರೆ. 'ಡಬ್ಬಿ', 'ಕಡ್ಡಿ' ಎರಡಕ್ಕೂ ಕೆಳಗೆ ಒತ್ತಕ್ಷರವಿದೆ, ಮೇಲೆ ಗುಡಿಸು ಇದೆ. ಸಾಲು ಬಿಗಿಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ನೆತ್ತಿಗೆ ತಾಗುತ್ತದೆ. 'ಲೈನ್-ಹೈಟ್' 1.6ರಿಂದ 1.8ರವರೆಗೆ ಇಟ್ಟು ನೋಡಿ. ಅಕ್ಷರಗಳ ನಡುವಿನ ಅಂತರ ಬದಲಿಸುವ 'ಲೆಟರ್-ಸ್ಪೇಸಿಂಗ್' ಗೋಜಿಗೆ ಹೋಗಲೇಬೇಡಿ.

ಹಣ ಕೊಡುವ ಮುನ್ನ ಮೊಜಿಲ್ಲಾದ ಎಂಡಿಎನ್ ಮತ್ತು ಫ್ರೀಕೋಡ್‌ಕ್ಯಾಂಪ್ ಎಂಬ ಕಲಿಕೆಯ ಜಾಲತಾಣಗಳೆರಡನ್ನೂ ನೋಡಿ, ಎರಡೂ ಉಚಿತ. ವಿವರಣೆ ಇಂಗ್ಲಿಷಿನಲ್ಲಿದೆ ನಿಜ, ಆದರೆ ನಿತ್ಯ ಬಳಕೆಗೆ ಬೇಕಾಗುವ ಟ್ಯಾಗ್‌ಗಳು ಇಪ್ಪತ್ತು ಇಪ್ಪತ್ತೈದನ್ನು ಮೀರುವುದಿಲ್ಲ. ಮೂರು ತಿಂಗಳು ಹೀಗೆ ಕಲಿತ ಮೇಲೂ ಕೂರಿಸಿಕೊಂಡು ಹೇಳಿಕೊಡುವವರು ಬೇಕೆನಿಸಿದರೆ ಕೋರ್ಸಿಗೆ ಸೇರಿ. ಆಗ ಏನು ಕೇಳಬೇಕೆಂಬುದು ನಿಮಗೆ ಗೊತ್ತಿರುತ್ತದೆ.

ಪ್ರಶ್ನೆ: ಹದಿನೈದು ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರಗಳ ಕೆಲಸ ಕಡಿಮೆಯಾಗುತ್ತಿದೆ. ನಲವತ್ತೈದರ ವಯಸ್ಸಿನಲ್ಲಿ ವೆಬ್ ಡಿಸೈನ್ ಕಡೆಗೆ ತಿರುಗಬಹುದೇ?

ಉತ್ತರ: ಅಕ್ಷರದ ಗಾತ್ರ, ಬಣ್ಣ, ಖಾಲಿ ಜಾಗ ಇವುಗಳ ಹದ ನಿಮ್ಮ ಕಣ್ಣಿಗೆ ಆಗಲೇ ಒಗ್ಗಿದೆ, ಹೊಸಬರಿಗೆ ಬಹಳ ತಡವಾಗಿ ಬರುವ ಗುಣವದು. ಆದರೆ ಎರಡು ಅಭ್ಯಾಸಗಳನ್ನು ಬಿಡಬೇಕಾಗುತ್ತದೆ.

ಒಂದು, ಕಾಗದದ ಅಳತೆ. ವೆಬ್‌ನಲ್ಲಿ ಎ4 ಎಂಬುದಿಲ್ಲ. ಒಂದೇ ಪುಟ ಅಂಗೈಯಗಲದ ಮೊಬೈಲಿನಲ್ಲೂ ಮೇಜಿನ ಮೇಲಿನ ದೊಡ್ಡ ಪರದೆಯಲ್ಲೂ ತೆರೆಯಬೇಕು. 'ವ್ಯೂಪೋರ್ಟ್' ಮೆಟಾ ಟ್ಯಾಗ್ ಬರೆಯದಿದ್ದರೆ ಸಾಮಾನ್ಯವಾಗಿ ಮೊಬೈಲ್ ಬ್ರೌಸರ್ ತನ್ನನ್ನು ಸುಮಾರು 980 ಪಿಕ್ಸೆಲ್ ಅಗಲದ ಪರದೆಯೆಂದು ಭಾವಿಸಿ, ನಿಮ್ಮ ಪುಟವನ್ನು ಇರುವೆಸಾಲಿನಷ್ಟು ಸಣ್ಣದಾಗಿ ತೋರಿಸುತ್ತದೆ. ಅಗಲವನ್ನು ಶೇಕಡಾ ಲೆಕ್ಕದಲ್ಲಿ ಕೊಡುವುದನ್ನೂ ಪರದೆಯ ಅಗಲಕ್ಕೆ ತಕ್ಕಂತೆ ಭಾಗಗಳನ್ನು ಜೋಡಿಸುವ ಸಿಎಸ್‌ಎಸ್‌ನ ಫ್ಲೆಕ್ಸ್‌ಬಾಕ್ಸ್ ಬಳಕೆಯನ್ನೂ ಮೊದಲು ಕಲಿಯಿರಿ. ಎರಡೂ ಅಂಚು ಸಮ ಮಾಡುವ ಚಾಳಿಯೂ ಬೇಡ. ಕನ್ನಡದ ಉದ್ದುದ್ದ ಪದಗಳು ಕಿರಿದಾದ ಪರದೆಯಲ್ಲಿ ನಡುವೆ ದೊಡ್ಡ ಬಿರುಕು ಬಿಡುತ್ತವೆ.

ಎರಡನೆಯದು ಹಳೆಯ ಆಸ್ಕಿ ಫಾಂಟ್‌ಗಳು. ಅವುಗಳಲ್ಲಿ ಬೆರಳಚ್ಚಿಸಿದ ಪಠ್ಯದ ಒಳಗಿರುವುದು ಕನ್ನಡದ ವೇಷ ತೊಟ್ಟ ಪರಕೀಯ ಸಂಕೇತಗಳು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ವೇಷ ಕಳಚುತ್ತದೆ, ಹುಡುಕಿದರೂ ಪದ ಸಿಗುವುದಿಲ್ಲ. ಹಳೆಯ ಫೈಲುಗಳನ್ನು ಪರಿವರ್ತಕದಿಂದ ಯುನಿಕೋಡ್‌ಗೆ ತಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಮಾತ್ರ ಕಣ್ಣಾರೆ ತಿದ್ದಿ. ಪರಿವರ್ತಕಗಳು ಎಡವುವ ಜಾಗ ಅದು. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ, ವೆಬ್‌ಗೂ ಒಪ್ಪುತ್ತದೆ.

ಪ್ರಶ್ನೆ: ಎಐ ಈಗ ಇಡೀ ವೆಬ್‌ಸೈಟನ್ನೇ ಬರೆದುಕೊಡುತ್ತದೆಯಲ್ಲ, ಕಲಿಯುವ ಅಗತ್ಯವೇನು?

ಉತ್ತರ: ಬರೆದುಕೊಡುತ್ತದೆ. ದರದ ಕೋಷ್ಟಕ ಮೊಬೈಲಿನಲ್ಲಿ ಅಂಚು ದಾಟಿ ಹೊರಗೆ ಚಾಚಿಕೊಂಡಾಗ ಯಾವ ಸಾಲಿನಿಂದ ಹಾಗಾಯಿತೆಂದು ಹುಡುಕುವವರು ನೀವೇ. ಮೊದಲ ಪುಟವನ್ನು ಕೈಯಾರೆ ಬರೆಯಿರಿ. ಅನಂತರ ಎಐ ಕೊಟ್ಟ ಕೋಡ್‌ನಲ್ಲಿ ಒಂದೊಂದೇ ಸಾಲನ್ನು ಅಳಿಸಿ, ಬ್ರೌಸರ್‌ನಲ್ಲಿ ಏನು ಬದಲಾಯಿತೆಂದು ನೋಡುತ್ತ ಹೋಗಿ.