ಅಮ್ಮನ ಸಂಧಿವಾತಕ್ಕೆ ಗಿಡ್ಡ ಟೆಲೋಮಿಯರ್ ಕಾರಣವೇ?

ನಿಮ್ಮ ತಾಯಿಗೆ ರುಮಟಾಯ್ಡ್ ಸಂಧಿವಾತವಿದೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡಿ ಉರಿಯೂತ ತರುವ ರೋಗ. ಲ್ಯಾಬಿನ ವರದಿಯಲ್ಲಿ ಟೆಲೋಮಿಯರ್ ಗಿಡ್ಡವಾಗಿದೆ ಎಂದು ಬಂದಿದೆ. ರೋಗಕ್ಕೆ ಅದೇ ಕಾರಣವೇ, ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನು ತಳಿವಿಜ್ಞಾನ ಪಾಠ ಮಾಡುವವನು, ವೈದ್ಯನಲ್ಲ. ಆದರೂ ಆ ಪರೀಕ್ಷೆಗೆ ದುಡ್ಡು ಸುರಿಯಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಕ್ರೋಮೋಸೋಮಿನ ಎರಡೂ ತುದಿಗಳಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರದ ಡಿಎನ್‌ಎ ತುಣುಕು ಮತ್ತೆ ಮತ್ತೆ ಬರುತ್ತದೆ. ಅದೇ ಟೆಲೋಮಿಯರ್. ಜೀವಕೋಶ ಎರಡಾಗುವಾಗಲೆಲ್ಲ ಅದು ತುಸು ಸವೆಯುತ್ತದೆ. ಲ್ಯಾಬಿನವರು ಅಳೆಯುವುದು ಬಿಳಿ ರಕ್ತಕಣಗಳ ಟೆಲೋಮಿಯರನ್ನು. ತೊಡಕಿರುವುದು ಅಲ್ಲೇ. ಉರಿಯೂತದ ರೋಗಗಳಲ್ಲಿ ವರ್ಷಗಟ್ಟಲೆ ಬಿಡುವಿಲ್ಲದೆ ವಿಭಜನೆಯಾಗುವುದೂ ಇದೇ ಕಣಗಳು. ಹಾಗಿರುವಾಗ ರೋಗದಿಂದ ಸವೆಯಿತೋ, ಸವೆದದ್ದರಿಂದ ರೋಗ ಬಂತೋ ಎಂಬುದನ್ನು ರೋಗಿಯ ರಕ್ತವೊಂದನ್ನೇ ನೋಡಿ ಹೇಳಲಾಗದು.

ಈ ಗಂಟು ಬಿಡಿಸಲು ನೆರವಾಗುವುದು ಜೀನ್‌ಗಳು. ಹುಟ್ಟುವಾಗ ಪಡೆದ ಜೀನನ್ನು ಆಮೇಲೆ ಬರುವ ರೋಗ ಬದಲಿಸಲಾರದು. ಆದ್ದರಿಂದ ಟೆಲೋಮಿಯರ್ ಉದ್ದವಾಗಿಡುವ ಅಥವಾ ಗಿಡ್ಡವಾಗಿಸುವ ಜೀನ್ ರೂಪಗಳನ್ನು ಹೊತ್ತವರಲ್ಲಿ ಯಾವ ರೋಗ ಹೆಚ್ಚು ಎಂದು ನೋಡುತ್ತಾರೆ. ಈ ವಿಧಾನಕ್ಕೆ ಮೆಂಡೇಲಿಯನ್ ರ‍್ಯಾಂಡಮೈಸೇಶನ್ ಎನ್ನುತ್ತಾರೆ. 2017ರಲ್ಲಿ ಪ್ರಕಟವಾದ ಇಂಥದೊಂದು ದೊಡ್ಡ ವಿಶ್ಲೇಷಣೆಯಲ್ಲಿ, ಟೆಲೋಮಿಯರ್ ಗಿಡ್ಡವಾಗಿಸುವ ಜೀನ್ ರೂಪಗಳು ಸೀಲಿಯಾಕ್ ಕಾಯಿಲೆಯ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ರೋಗ) ಅಪಾಯವನ್ನೂ ಶ್ವಾಸಕೋಶದ ಅಂಗಾಂಶ ಗಟ್ಟಿಯಾಗುವ ಕಾಯಿಲೆಯ ಅಪಾಯವನ್ನೂ ಹೆಚ್ಚಿಸುವುದು ಕಂಡಿತು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ಎಂಬ ರೋಗದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ರೋಗಿಗಳ ರಕ್ತದಲ್ಲಿ ಟೆಲೋಮಿಯರ್ ಗಿಡ್ಡ, ಆದರೆ ಜೀನ್‌ಗಳ ಅಧ್ಯಯನ ಅಪಾಯವನ್ನು ತೋರಿಸಿದ್ದು ಉದ್ದದ ಕಡೆಗೆ. ರಕ್ತದ ವರದಿಯನ್ನಷ್ಟೇ ನಂಬಿದ್ದರೆ ನಾವು ಪೂರ್ತಿ ಅಡ್ಡದಾರಿ ಹಿಡಿಯುತ್ತಿದ್ದೆವು.

ನಿಮ್ಮ ತಾಯಿಯ ರೋಗದ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು 2003ರ ಒಂದು ಅಧ್ಯಯನ. ಎಚ್‌ಎಲ್‌ಎ-ಡಿಆರ್‌ಬಿ1 ಜೀನಿನ ‘04’ ಗುಂಪಿನ ರೂಪಗಳಲ್ಲಿ ಕೆಲವು ರುಮಟಾಯ್ಡ್ ಸಂಧಿವಾತದ ಅಪಾಯ ಹೆಚ್ಚಿಸುತ್ತವೆ ಎಂಬುದು ಹಳೆಯ ಸಂಗತಿ. ಈ ಗುಂಪಿನ ರೂಪವಿದ್ದೂ ಕೀಲುನೋವಿನ ಸುಳಿವೇ ಇಲ್ಲದ ಆರೋಗ್ಯವಂತರ ರಕ್ತಕಣಗಳಲ್ಲೂ ಟೆಲೋಮಿಯರ್ ಬೇಗ ಸವೆದಿತ್ತು. ಅಂದರೆ ಸವೆತವೂ ಸಂಧಿವಾತವೂ ಒಂದೇ ಬೇರಿನಿಂದ ಹೊರಟಿರಬಹುದು; ಒಂದು ಇನ್ನೊಂದಕ್ಕೆ ಕಾರಣವಾಗಿರಲೇಬೇಕಿಲ್ಲ.

ನಿಮಗೂ ಬರುತ್ತದೆಯೇ? ತಾಯಿಗಿದ್ದರೆ ಅಪಾಯ ಸ್ವಲ್ಪ ಹೆಚ್ಚುವುದು ನಿಜ, ಆದರೆ ಬಹುಪಾಲು ಮಕ್ಕಳಿಗೆ ಬರುವುದೇ ಇಲ್ಲ. ಟೆಲೋಮಿಯರ್ ಅಳತೆ ಇದಕ್ಕಿಂತ ಹೆಚ್ಚಿನದೇನನ್ನೂ ನಿಮಗೆ ಹೇಳದು. ಧೂಮಪಾನದ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಈ ರೋಗದ ಅಪಾಯವನ್ನು ಅದು ಖಂಡಿತ ಹೆಚ್ಚಿಸುತ್ತದೆ. ಟೆಲೋಮಿಯರ್ ಉದ್ದ ಮಾಡುತ್ತೇವೆಂದು ಮಾರುವ ಮಾತ್ರೆಗಳ ಹತ್ತಿರವೂ ಸುಳಿಯಬೇಡಿ. ಮೇಲೆ ಹೇಳಿದ 2017ರ ವಿಶ್ಲೇಷಣೆಯಲ್ಲೇ ಉದ್ದನೆಯ ಟೆಲೋಮಿಯರ್‌ಗೂ ಹಲವು ಬಗೆಯ ಕ್ಯಾನ್ಸರ್‌ಗಳಿಗೂ ನಂಟು ಕಂಡಿದೆ.

ಟೆಲೋಮಿಯರ್ ಜೀನ್‌ಗಳು ನಿಜಕ್ಕೂ ಲೆಕ್ಕಕ್ಕೆ ಬರುವ ಒಂದು ಜಾಗವಿದೆ, ಅದು ಶ್ವಾಸಕೋಶ. ಸಂಧಿವಾತದ ಜೊತೆಗೆ ಶ್ವಾಸಕೋಶವೂ ಗಟ್ಟಿಯಾಗುತ್ತಿದ್ದ ಕೆಲವು ರೋಗಿಗಳಲ್ಲಿ ಟರ್ಟ್, ಆರ್‌ಟಿಇಎಲ್1 ಮುಂತಾದ ಟೆಲೋಮಿಯರ್ ಜೀನ್‌ಗಳ ಅಪರೂಪದ ದೋಷಗಳು ಸಿಕ್ಕಿವೆ. ನಿಮ್ಮ ತಾಯಿಗೆ ವಾರಗಟ್ಟಲೆ ಬಿಡದ ಒಣಕೆಮ್ಮು ಇದ್ದರೆ, ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಹೆಚ್ಚು ಏದುಸಿರು ಬರುತ್ತಿದ್ದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಸಂಧಿವಾತದ ವೈದ್ಯರಿಗೆ ತಿಳಿಸಿ, ಎದೆಯ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಕೇಳಿ. ಕುಟುಂಬದಲ್ಲಿ ಬೇರೆ ಯಾರಿಗಾದರೂ ಶ್ವಾಸಕೋಶದ ಇಂಥ ಕಾಯಿಲೆ ಇತ್ತೇ ಎಂಬುದನ್ನೂ ಅವರಿಗೆ ಹೇಳಿ.